ಲೇತ್ ನೋಡಿ ಬರೆದ ಕಾಲೇಜು ಪಟ್ಟಿ

ಕಳೆದ ವರ್ಷ ನನ್ನ ಒಬ್ಬ ವಿದ್ಯಾರ್ಥಿನಿಗೆ ಇಂಜಿನಿಯರಿಂಗ್ ಸೀಟು ಸಿಗದೆ ಹೋದದ್ದರಲ್ಲಿ ನನ್ನ ಪಾಲೂ ಇತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸುಲಭ.

ನಾನು ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸಿಇಟಿ ರ‍್ಯಾಂಕು ಬಂದ ಮೇಲೆ ಮಕ್ಕಳು ತಮಗೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯ ಕ್ರಮದಲ್ಲಿ ವೆಬ್‌ಸೈಟಿಗೆ ತುಂಬಬೇಕು. ಇದಕ್ಕೆ ಆಪ್ಷನ್ ಎಂಟ್ರಿ ಎನ್ನುತ್ತಾರೆ. ಕಳೆದ ವರ್ಷ ಆ ದಿನಗಳಲ್ಲಿ ಈ ಹುಡುಗಿ ಕಾರಿಡಾರಿನಲ್ಲಿ ನನ್ನನ್ನು ತಡೆದು ಒಂದು ಚೀಟಿ ತೋರಿಸಿದಳು. ಐದು ಕಾಲೇಜುಗಳ ಹೆಸರಿತ್ತು, ಐದೂ ದೊಡ್ಡವು. ನಾನು ಪ್ರಿನ್ಸಿಪಾಲರ ಮೀಟಿಂಗಿಗೆ ಓಡುತ್ತಿದ್ದೆ. "ಚೆನ್ನಾಗಿದೆ ಕಣಮ್ಮ, ಇನ್ನೊಂದಿಷ್ಟು ಸೇರಿಸ್ಕೋ" ಎಂದು ಹೇಳಿ ನಡೆದೆ. ಅವಳು ಸೇರಿಸಲಿಲ್ಲ. ಚೀಟಿ ಬರೆದುಕೊಟ್ಟಿದ್ದ ಸೋದರಮಾವ, ಸಣ್ಣ ಕಾಲೇಜಿನ ಹೆಸರು ಹಾಕಿದರೆ ಕಂಪ್ಯೂಟರು ಅದನ್ನೇ ಕೊಟ್ಟುಬಿಡುತ್ತದೆ ಎಂದು ಹೆದರಿಸಿದ್ದರಂತೆ. ಸೀಟು ಹಂಚಿಕೆಯ ಎಲ್ಲ ಸುತ್ತುಗಳೂ ಮುಗಿದವು, ಐದರಲ್ಲಿ ಒಂದೂ ಬರಲಿಲ್ಲ.

ಒಂದು ವರ್ಷ ಮನೆಯಲ್ಲಿ ಕೂತು ಓದಿ ಮತ್ತೆ ಸಿಇಟಿ ಬರೆದಳು. ರ‍್ಯಾಂಕು ಮೊದಲಿಗಿಂತ ಸುಧಾರಿಸಿತ್ತು, ಆದರೆ ದೊಡ್ಡ ಕಾಲೇಜುಗಳು ಕೈಬೀಸಿ ಕರೆಯುವಷ್ಟಲ್ಲ. ಈ ಸಲ ಅವಳು ಒಬ್ಬಳೇ ಬರಲಿಲ್ಲ, ತಂದೆಯನ್ನು ಕರೆದುಕೊಂಡು ಬಂದಳು. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್, ಅಂದರೆ ಲೇತ್ ಮೇಲೆ ಕಬ್ಬಿಣ ಕಡೆಯುವವರು. ಮನೆ ಲಗ್ಗೆರೆಯಲ್ಲಿ. ಖಾಲಿಯಿದ್ದ ಲ್ಯಾಬಿನಲ್ಲಿ ಕೂರಿಸಿದೆ. ಸ್ಟೂಲಿನ ತುದಿಯಲ್ಲಿ ಕೂತು, ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲನ್ನು ಮಂಡಿಯ ಮೇಲಿಟ್ಟುಕೊಂಡು ಅವರೇ ಮಾತು ತೆಗೆದರು.

"ಎರಡು ಸಲ ಆಯ್ತು ಮೇಡಂ. ಮೂರನೇ ಸಲಕ್ಕೆ ನಾನು ಒಪ್ಪಲ್ಲ. ಈ ಸಲ ಸೀಟ್ ಬರ್ಲಿಲ್ಲ ಅಂದ್ರೆ ನಮ್ ಫ್ಯಾಕ್ಟ್ರೀಲೇ ಪ್ಯಾಕಿಂಗ್ ಸೆಕ್ಷನ್‌ಗೆ ತಗೋತೀನಿ ಅಂತ ಸೂಪರ್‌ವೈಸರ್ ಹೇಳವ್ರೆ. ಇವಳೂ ಹೂಂ ಅಂದವ್ಳೆ."

ಹುಡುಗಿ ಲ್ಯಾಬಿನ ಕಿಟಕಿಯ ಕಡೆ ನೋಡುತ್ತಿದ್ದಳು. ಯಾವ ಬ್ರಾಂಚು ಬೇಕು ಎಂದು ಕೇಳಿದೆ. "ಮೆಕ್ಯಾನಿಕಲ್" ಎಂದು ಅವಳೂ "ಕಂಪ್ಯೂಟರ್ ಸೈನ್ಸ್" ಎಂದು ಅವರೂ ಒಟ್ಟಿಗೇ ಹೇಳಿದರು. ಈ ಮಾತು ಮನೆಯಲ್ಲಿ ಎಷ್ಟು ಸಲ ಆಗಿದೆಯೋ ಎಂದುಕೊಂಡೆ.

"ಇಪ್ಪತ್ತಾರು ವರ್ಷ ಆಯ್ತು ಮೇಡಂ, ಎಂಟೆಂಟು ಗಂಟೆ ನಿಂತಿದೀನಿ" ಎಂದರು. "ನಾನ್ ನಿಂತಿದ್ದು ಸಾಕು. ಇವಳು ಕೂತ್ಕೊಂಡು ದುಡೀಲಿ."

ಮೊದಲು ಪಟ್ಟಿಯಾಗಲಿ, ಜಗಳ ಆಮೇಲೆ ಮಾಡೋಣ ಎಂದೆ. ಇಬ್ಬರಿಗೂ ನಗು ಬರಲಿಲ್ಲ.

ನನ್ನ ಮನೆಯಲ್ಲಿ ಹಳೆಯ ಮದುವೆ ಪತ್ರಿಕೆಗಳ ಒಂದು ದೊಡ್ಡ ಕಟ್ಟಿದೆ. ಬಸವೇಶ್ವರನಗರದಲ್ಲಿ ಮೂವತ್ತು ವರ್ಷ ಇದ್ದವರ ಮನೆಯಲ್ಲಿ ಅದು ತಾನಾಗಿ ಬೆಳೆಯುತ್ತದೆ. ದಪ್ಪ ಕಾಗದ, ಹಿಂಬದಿ ಖಾಲಿ. ಅವನ್ನು ಇಸ್ಪೀಟೆಲೆಯ ಅಳತೆಗೆ ಕತ್ತರಿಸಿ, ಒಂದೊಂದರ ಮೇಲೂ ಒಂದು ಕಾಲೇಜು, ಒಂದು ಬ್ರಾಂಚು, ಹಿಂದಿನ ಮೂರು ವರ್ಷ ಅವಳ ಪ್ರವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎನ್ನುವ ಲೆಕ್ಕ, ಲಗ್ಗೆರೆಯಿಂದ ಎಷ್ಟು ಬಸ್ಸು ಬದಲಿಸಬೇಕು ಎನ್ನುವುದು, ಇಷ್ಟನ್ನು ಬರೆಯುತ್ತೇನೆ. ಆಮೇಲೆ ಮೂರು ಗುಡ್ಡೆ. ಮೂರು ವರ್ಷವೂ ಕೈಗೆ ಸಿಗದಷ್ಟು ಮೇಲೆ ಮುಗಿದದ್ದು ಆಸೆಯ ಗುಡ್ಡೆಗೆ. ಒಂದು ವರ್ಷ ಸಿಗುವಂತೆ, ಒಂದು ವರ್ಷ ತಪ್ಪುವಂತೆ ಇದ್ದದ್ದು ಅಂದಾಜಿನ ಗುಡ್ಡೆಗೆ. ಮೂರು ವರ್ಷವೂ ಅವಳ ರ‍್ಯಾಂಕಿಗಿಂತ ಬಹಳ ಕೆಳಗಿನವರಿಗೂ ಸಿಕ್ಕಿದ್ದು ಆಸರೆಯ ಗುಡ್ಡೆಗೆ. ಆಸೆ ಒಂದು ಹಿಡಿ, ಅಂದಾಜು ಎರಡು ಹಿಡಿ, ಆಸರೆ ಮತ್ತೆ ಒಂದು ಹಿಡಿ ಇದ್ದರೆ ಪಟ್ಟಿ ತೂಕವಾಗಿದೆ ಎಂದು ನನ್ನ ಲೆಕ್ಕ.

ಎರಡು ದಿನ ಕಾರ್ಡು ಬರೆಯುವುದರಲ್ಲೇ ಹೋಯಿತು. ಹುಡುಗಿ ಹಿಂದಿನ ವರ್ಷಗಳ ಸೀಟು ಹಂಚಿಕೆಯ ಪ್ರಿಂಟ್‌ಔಟಿನಿಂದ ಓದುವಳು, ನಾನು ಬರೆಯುವೆ. ಅವಳ ತಂದೆಗೆ ಆ ವಾರ ಎರಡನೇ ಶಿಫ್ಟು. ಮಧ್ಯಾಹ್ನದ ಬಸ್ಸು ಹಿಡಿಯುವವರೆಗೆ ಕೂತು ನೋಡುವರು. ಎರಡನೇ ದಿನ ಅವರು ಆಸರೆಯ ಗುಡ್ಡೆಯನ್ನು ಬೆರಳಿನಿಂದ ತಳ್ಳಿ ಕೇಳಿದರು: "ಇದನ್ನೆಲ್ಲ ಹಾಕಿದ್ರೆ ಇದೇ ಸಿಗಲ್ವಾ ಮೇಡಂ? ನಮ್ ಭಾಮೈದ ಅದನ್ನೇ ಹೇಳೋದು."

ವಿವರಿಸಿ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಅವರನ್ನೇ ಕಂಪ್ಯೂಟರ್ ಮಾಡಿದೆ. ಹತ್ತು ಕಾರ್ಡುಗಳನ್ನು ಒಂದರ ಕೆಳಗೊಂದು ಜೋಡಿಸಿ, "ನೀವು ಮೇಲಿಂದ ಬನ್ನಿ. ಇವಳ ರ‍್ಯಾಂಕಿಗೆ ಸೀಟ್ ಇಲ್ಲ ಅಂದ್ರೆ ಮುಂದಿನದಕ್ಕೆ ಹೋಗಿ. ಇದೆ ಅಂದ್ರೆ ಅಲ್ಲೇ ನಿಂತ್ಕೊಳ್ಳಿ" ಎಂದೆ. ಅವರು ಗಂಭೀರವಾಗಿ ಶುರು ಮಾಡಿದರು. ಇದಿಲ್ಲ, ಇದಿಲ್ಲ, ಇದೂ ಇಲ್ಲ, ಇದು ಇದೆ. ನಾಲ್ಕನೆಯದರ ಮೇಲೆ ಬೆರಳಿಟ್ಟು ನಿಂತರು. ಕೆಳಗೆ ಉಳಿದ ಆರನ್ನು ನೋಡಿದರು.

"ಹಂಗಾದ್ರೆ ಸಿಕ್ಕಿದ ಮೇಲೆ ಕೆಳಗಿಂದು ನೋಡೋದೇ ಇಲ್ಲ."

"ಇಲ್ಲ. ಕೆಳಗೆ ನೂರು ಬರೆದ್ರೂ ಮೇಲಿಂದಕ್ಕೆ ತೊಂದ್ರೆ ಇಲ್ಲ."

"ಅಷ್ಟೇನಾ" ಎಂದರು. ಒಂದು ವರ್ಷ ಮಗಳನ್ನು ಮನೆಯಲ್ಲಿ ಕೂರಿಸಿದ ಸಂಗತಿ ಇಷ್ಟು ಚಿಕ್ಕದು ಎಂದು ತಿಳಿದಾಗ ಮನುಷ್ಯನ ಮುಖ ಹೇಗಾಗಬೇಕೋ ಹಾಗಾಯಿತು. ನಾನು ಮಾತ್ರ ಪಾಠ ಚೆನ್ನಾಗಿ ಮಾಡಿದೆ ಎಂದು ಒಳಗೇ ಬೆನ್ನು ತಟ್ಟಿಕೊಂಡೆ. ಆ ಪಾಠ ಒಂದು ವಾರದಲ್ಲಿ ನನ್ನ ತಲೆಯ ಮೇಲೇ ಬೀಳುವುದಿತ್ತು.

ಮೊದಲ ಪೆಟ್ಟು ಅದಕ್ಕೂ ಮುಂಚೆ ಬಿತ್ತು. ಮೂರನೇ ದಿನ ಹುಡುಗಿ ಪ್ರಿಂಟ್‌ಔಟಿನ ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಮಿಸ್, ಇದು ಯಾವ ರೌಂಡ್‌ದು?" ಎಂದಳು. ನೋಡಿದೆ. ಒಂದು ವರ್ಷದ ಕಾಗದ ಮೊದಲ ಸುತ್ತಿನದು. ಉಳಿದ ಎರಡು ವರ್ಷದ್ದು ಕಟ್ಟಕಡೆಯ ಸುತ್ತಿನವು. ಕೊನೆಯ ಸುತ್ತಿನ ಹೊತ್ತಿಗೆ ಎಷ್ಟೋ ಮಕ್ಕಳು ಬೇರೆ ಕಡೆ ಸೇರಿ, ಸೀಟು ಬಿಟ್ಟು, ರ‍್ಯಾಂಕು ಬಹಳ ಕೆಳಗಿಳಿದಿರುತ್ತದೆ. ಆ ಲೆಕ್ಕ ನೋಡಿ ಮೊದಲ ಸುತ್ತಿನಲ್ಲಿ ಸಿಗುತ್ತದೆ ಎಂದುಕೊಂಡರೆ ಕೆಟ್ಟೆವು. ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳು ನಾನು. ಮಕ್ಕಳಿಗೆ ಯೂನಿಟ್ ಬರೆಯದಿದ್ದರೆ ಅರ್ಧ ಅಂಕ ಕಳೆಯುವವಳು. ಕಾಗದದ ತಲೆಬರಹ ಓದದೆ ಬರೆದಿದ್ದೆ.

"ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಏನಂತಿದ್ರಿ ಮಿಸ್?" ಎಂದಳು. ಅವಳು ತಮಾಷೆ ಮಾಡಿದ್ದು ಅದೇ ಮೊದಲು.

"ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದೆ.

ಸರಿಯಾದ ಕಾಗದ ತೆಗೆಸಿ ಎಲ್ಲ ಕಾರ್ಡುಗಳನ್ನು ತಿದ್ದಿದೆವು. ಅಂದಾಜಿನ ಗುಡ್ಡೆಯಲ್ಲಿ ಅರ್ಧಕ್ಕರ್ಧ ಆಸೆಗೆ ಹೋಯಿತು. ಆಸರೆಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಕಾಲೇಜನ್ನೂ ನಾವು ಮೂವರೂ ಕಣ್ಣಿನಿಂದ ನೋಡಿರಲಿಲ್ಲ. ಆಸರೆಯಲ್ಲಿರುವುದೇ ಸಿಗುವ ಸಂಭವ ಹೆಚ್ಚಾದಾಗ ಅದನ್ನು ನೋಡದೆ ಬರೆಯುವುದು ಹೇಗೆ? ಹೋಗಿ ನೋಡೋಣ ಎಂದೆ. ಅವಳ ತಂದೆಗೆ ಬೆಳಗಿನ ಹೊತ್ತು ಬಿಡುವಿತ್ತು.

ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಕೆಳಗೆ ಸೇರಿ ಕೆಂಗೇರಿಗೆ ಹೋದೆವು, ಅಲ್ಲಿಂದ ಬಸ್ಸು. ಮೊದಲ ಕಾಲೇಜು ಗಾಜಿನ ಕಟ್ಟಡ. ಒಳಗೆ ಸೋಫಾ, ತಣ್ಣನೆ ಗಾಳಿ, ನಗುವ ರಿಸೆಪ್ಷನಿಸ್ಟು. ಹುಡುಗಿಯ ರ‍್ಯಾಂಕಿಗೆ ಇಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವ ಲಕ್ಷಣವಿತ್ತು. ತಂದೆಯ ಮುಖ ಅರಳಿತು. ಲೈಬ್ರರಿ ತೋರಿಸಿದರು, ಆಡಿಟೋರಿಯಂ ತೋರಿಸಿದರು. ತಂದೆ ಮೆಲ್ಲಗೆ, "ವರ್ಕ್‌ಶಾಪ್ ಎಲ್ಲಿ ಬರುತ್ತೆ ಸಾರ್?" ಎಂದರು. ಕರೆದುಕೊಂಡು ಹೋದವನಿಗೆ ಬೀಗದ ಕೈ ಹುಡುಕಲು ಹೊತ್ತು ಹಿಡಿಯಿತು. ಒಳಗೆ ಎಂಟು ಲೇತುಗಳು ಸಾಲಾಗಿ ಹಸಿರು ಬಣ್ಣದಲ್ಲಿ ಮಿಂಚುತ್ತಿದ್ದವು. ನನಗೆ ಚೆನ್ನಾಗಿಯೇ ಕಂಡಿತು. ಅವರು ಒಂದರ ಹತ್ತಿರ ಹೋಗಿ ಬಗ್ಗಿ ನೋಡಿ, ಬೆರಳಾಡಿಸಿ, ಕೈ ಒರೆಸಿಕೊಂಡು ಬಂದರು. ಬಸ್‌ಸ್ಟಾಪಿನಲ್ಲಿ ಹೇಳಿದರು.

"ಚಕ್ಕಿನ ಹಲ್ಲಿಗೂ ಪೇಂಟ್ ಹೊಡ್ದವ್ರೆ ಮೇಡಂ. ಕಬ್ಬಿಣ ಕಚ್ಚೋ ಜಾಗ ಅದು. ಕೆಲಸ ಮಾಡೋ ಮಿಷನ್‌ನಲ್ಲಿ ಅಲ್ಲಿ ಪೇಂಟ್ ನಿಲ್ಲಲ್ಲ."

"ಹಾಗಾದ್ರೆ ಈ ಕಾಲೇಜು ಬೇಡ್ವಾ?"

"ಕಂಪ್ಯೂಟರ್ ಓದೋಕೆ ಲೇತ್ ಯಾಕ್ ಬೇಕು? ಇರ್ಲಿ, ಬರೀರಿ."

ಎರಡನೆಯದನ್ನು ಮಾರನೆಯ ದಿನ ನೋಡಿದೆವು. ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿ ಮುಂದೆ. ಸುಣ್ಣ ಕಾಣದ ಗೋಡೆ, ಗೇಟಿನ ಪಕ್ಕ ಒಂದು ಟೀ ಅಂಗಡಿ. ಹೆಸರು ಹೇಳಿದರೆ ನೆಂಟರು ಎಲ್ಲಿದೆ ಅದು ಎಂದು ಕೇಳುವಂಥ ಕಾಲೇಜು. ಆಸರೆಯ ಗುಡ್ಡೆಯಲ್ಲೂ ಅಡಿಯಲ್ಲಿಟ್ಟಿದ್ದೆ. ಇಲ್ಲಿ ವರ್ಕ್‌ಶಾಪು ಹುಡುಕಬೇಕಾಗಲಿಲ್ಲ, ಸದ್ದು ಕೇಳಿಸುತ್ತಿತ್ತು. ಪೇಂಟು ಹೋಗಿ ಬೆಳ್ಳಗಾದ ಹಳೆಯ ಯಂತ್ರಗಳು. ಕಾಲಿನ ಕೆಳಗೆಲ್ಲ ಕಬ್ಬಿಣದ ಸುರುಳಿ ಚೂರುಗಳು. ನನ್ನ ಸೀರೆಯ ಅಂಚಿಗೆ ಎಣ್ಣೆ ಮೆತ್ತಿಕೊಂಡಿತು. ಇನ್‌ಸ್ಟ್ರಕ್ಟರ್ ಒಬ್ಬರು ತೋಳು ಮಡಿಸಿಕೊಂಡು ಇಬ್ಬರು ಹುಡುಗರಿಗೆ ಏನೋ ಬೈಯುತ್ತಿದ್ದರು. ಅವಳ ತಂದೆ ಎರಡು ಮಾತಾಡಿದ್ದೇ ತಡ, ಆ ಇಬ್ಬರು ಗಂಡಸರೂ ನಮ್ಮನ್ನು ಮರೆತುಬಿಟ್ಟರು. ಟೂಲಿನ ಕೋನ, ಫೀಡು, ಎಣ್ಣೆಯ ದರ್ಜೆ, ಅರ್ಧ ಗಂಟೆ ಅದೇ.

ಕೊನೆಗೆ ಇನ್‌ಸ್ಟ್ರಕ್ಟರ್, "ಅಡ್ಮಿಷನ್ ಯಾರಿಗೆ? ಇವ್ರಿಗಾ?" ಎಂದು ಕೇಳಿ, ಕೈಯಲ್ಲಿದ್ದ ಉಕ್ಕಿನ ತುಂಡನ್ನೂ ಮೈಕ್ರೊಮೀಟರನ್ನೂ ಹುಡುಗಿಗೆ ಕೊಟ್ಟರು. "ಎಷ್ಟಿದೆ ನೋಡಮ್ಮ."

ಅವಳು ತುಂಡನ್ನು ಬದಿಗಿಟ್ಟಳು. ಮೊದಲು ಖಾಲಿ ಮೈಕ್ರೊಮೀಟರನ್ನು ಮುಚ್ಚಿ, ಸೊನ್ನೆಗೆ ನಿಲ್ಲುತ್ತದೆಯೇ ಎಂದು ನೋಡಿ, "ಸಾರ್, ಇದ್ರಲ್ಲಿ ಝೀರೊ ಎರರ್ ಇದೆ" ಎಂದಳು. ಆಮೇಲೆ ತುಂಡು ಇಟ್ಟು, ಹಿಂದಿನ ಸಣ್ಣ ತಿರುಪನ್ನು ಎರಡೇ ಬೆರಳಿನಲ್ಲಿ ಮೂರು ಸಲ ಟಿಕ್ಕೆನ್ನುವಷ್ಟು ತಿರುಗಿಸಿ, ದೋಷ ಕಳೆದು ಅಳತೆ ಹೇಳಿದಳು. ಝೀರೊ ಎರರ್ ನಾನು ಕಲಿಸಿದ್ದು, ಬೀಗಿದೆ. ಆದರೆ ಆ ಎರಡು ಬೆರಳಿನ ಹಿಡಿತ ನನ್ನ ಲ್ಯಾಬಿನದಲ್ಲ. ಅವಳ ತಂದೆ ಅದನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದರು. "ಎಲ್ಲಿ ಕಲ್ತೆ ಅದನ್ನ?"

"ನಿನ್ನತ್ರಾನೇ. ಭಾನುವಾರ ಓಟಿ ಇದ್ದಾಗ ಊಟ ತರ್ತಿದ್ನಲ್ಲ. ನೀನು ಕೈ ತೊಳ್ದು ಬರೋವರೆಗೂ ಏನ್ ಮಾಡ್ಲಿ?"

ಅವರು ಸುಂಕದಕಟ್ಟೆ ದಾಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದರು. ನಾನು ಅಷ್ಟರಲ್ಲಿ ಈ ಕಾಲೇಜಿನ ಮೆಕ್ಯಾನಿಕಲ್ ಕಾರ್ಡನ್ನು ಆಸರೆಯಿಂದ ಮೇಲೆತ್ತುವುದು ಎಂದು ತೀರ್ಮಾನಿಸಿದ್ದೆ. ರ‍್ಯಾಂಕಿನ ಲೆಕ್ಕ ನೋಡಿ ಕೆಳಗಿಟ್ಟದ್ದು ನನ್ನ ತಪ್ಪಲ್ಲದಿರಬಹುದು, ನೋಡಿದ ಮೇಲೂ ಅಲ್ಲೇ ಬಿಟ್ಟರೆ ತಪ್ಪು.

ಆದರೆ ಮೇಲೆತ್ತಿದ್ದನ್ನು ಎಲ್ಲಿಡುವುದು? ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಮೇಷ್ಟರುಗಳಿಗೆ ಇಬ್ಬರನ್ನೂ ಸಮಾಧಾನ ಮಾಡುವ ಚಟ ಇರುತ್ತದೆ. ಆಸೆಯ ಕಾರ್ಡುಗಳನ್ನು ತಲೆಯಲ್ಲಿಟ್ಟು, ಅಲ್ಲಿಂದ ಕೆಳಗೆ ತಂದೆಯದೊಂದು, ಮಗಳದೊಂದು ಎಂದು ಪಂಕ್ತಿಯಲ್ಲಿ ಬಡಿಸಿದಂತೆ ಜೋಡಿಸಿದೆ. ಹಿರಿಯರಿಂದ ಶುರು ಮಾಡುವುದು ಮರ್ಯಾದೆ ಎಂದು ಮೊದಲು ತಂದೆಯ ಕಾರ್ಡು ಇಟ್ಟೆ. ಹಾಗಾಗಿ ಕೆಂಗೇರಿಯಾಚೆಯ ಗಾಜಿನ ಕಟ್ಟಡದ ಕಂಪ್ಯೂಟರ್ ಸೈನ್ಸ್ ಮೇಲಕ್ಕೂ, ಮಾಗಡಿ ರಸ್ತೆಯ ಮೆಕ್ಯಾನಿಕಲ್ ಅದರ ನೇರ ಕೆಳಕ್ಕೂ ಬಂತು. ಇಬ್ಬರೂ ಒಪ್ಪಿದರು. ಲ್ಯಾಬಿನ ಕಂಪ್ಯೂಟರಿನಲ್ಲೇ ನಲವತ್ತಕ್ಕೂ ಹೆಚ್ಚು ಆಯ್ಕೆಗಳನ್ನು ತುಂಬಿ, ಪ್ರಿಂಟ್ ತೆಗೆದು ಕಳಿಸಿದೆ. ಹುಡುಗಿ ಪ್ರಿಂಟನ್ನು ಮಡಿಸಿಕೊಳ್ಳುವಾಗ ಒಮ್ಮೆ ನನ್ನ ಮುಖ ನೋಡಿದಳು. ಏನು ಎಂದು ಕೇಳಬೇಕಿತ್ತು, ಕೇಳಲಿಲ್ಲ.

ನಿಜವಾದ ಹಂಚಿಕೆಗೆ ಮುಂಚೆ ಒಂದು ಅಣಕು ಹಂಚಿಕೆ ನಡೆಯುತ್ತದೆ. ಈಗಿನ ಪಟ್ಟಿಗಳ ಪ್ರಕಾರ ಯಾರಿಗೆ ಏನು ಸಿಗಬಹುದು ಎಂದು ತೋರಿಸುತ್ತಾರೆ, ಆಮೇಲೆ ಪಟ್ಟಿ ತಿದ್ದಲು ಕೆಲವು ದಿನ ಬಿಡುತ್ತಾರೆ. ತಾಲೀಮು ಅಷ್ಟೆ. ಅದರ ಫಲಿತಾಂಶ ಬಂದ ಎರಡು ದಿನಕ್ಕೆ ಅವಳ ತಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಮೈಸೂರುಪಾಕಿನ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದರು. ಹಿಂದೆ ಹುಡುಗಿ.

"ಸೀಟ್ ಆಯ್ತು ಮೇಡಂ. ಕೆಂಗೇರೀದು, ಕಂಪ್ಯೂಟರ್ ಸೈನ್ಸ್."

"ಇದು ಅಣಕು ಹಂಚಿಕೆ ಅಲ್ವಾ? ನಿಜವಾದ್ದು ಇನ್ನೂ ಬರ್ಬೇಕು" ಎಂದೆ, ಮೈಸೂರುಪಾಕು ಕೈಯಲ್ಲಿ ಹಿಡಿದುಕೊಂಡೇ.

"ಅದೇ ಬರುತ್ತಂತಲ್ಲ. ಅದಕ್ಕೆ ಮನೆ ಹತ್ರ ಸೈಬರ್‌ನಲ್ಲಿ ಕೂತು ಕೆಳಗಿಂದೆಲ್ಲ ತೆಗ್ಸಿಬಿಟ್ಟೆ. ಭಾಮೈದನೂ ಹಂಗೇ ಮಾಡು ಅಂದ."

ಮೈಸೂರುಪಾಕನ್ನು ಮೇಜಿನ ಮೇಲಿಟ್ಟೆ. ಯಾಕೆ ತೆಗೆಸಿದಿರಿ ಎಂದು ಕೇಳಿದೆ. ದನಿ ಏರಿರಬೇಕು, ಪಕ್ಕದ ಮೇಜಿನ ಕೆಮಿಸ್ಟ್ರಿಯವರು ತಲೆ ಎತ್ತಿದರು.

"ನೀವೇ ಹೇಳಿದ್ರಲ್ಲ ಮೇಡಂ. ಸಿಕ್ಕಿದ ಮೇಲೆ ಕೆಳಗಿಂದು ನೋಡೋದೇ ಇಲ್ಲ ಅಂತ."

ಹೇಳಿದ್ದೆ. ಅವರನ್ನು ಕಂಪ್ಯೂಟರ್ ಮಾಡಿ ಕೂರಿಸಿ ಹೇಳಿದ್ದೆ. ಅಣಕಿನಲ್ಲಿ ಸಿಕ್ಕಿದ್ದು ನಿಜವಾಗಿ ಸಿಕ್ಕಿದ್ದಲ್ಲ, ಇವರ ಹಾಗೆಯೇ ಸಾವಿರಾರು ಜನ ಈ ದಿನಗಳಲ್ಲಿ ಪಟ್ಟಿ ತಿದ್ದುತ್ತಾರೆ, ಅವರೆಲ್ಲ ಅಲುಗಾಡಿದಂತೆ ಕೊನೆಯ ರ‍್ಯಾಂಕೂ ಅಲುಗಾಡುತ್ತದೆ ಎನ್ನುವುದನ್ನು ಹೇಳಿರಲಿಲ್ಲ. ಈಗ ಹೇಳಿದೆ. ಆ ಕಾಲೇಜಿನ ಕೊನೆಯ ರ‍್ಯಾಂಕು ಒಂದಿಷ್ಟು ಮೇಲೆ ಸರಿದರೆ ಇವಳ ಪಟ್ಟಿಯಲ್ಲಿ ಸಿಗುವಂಥದ್ದು ಬೇರೇನೂ ಉಳಿದಿಲ್ಲ. ಪ್ಯಾಕಿಂಗ್ ಸೆಕ್ಷನ್ ಎಂಬ ಮಾತನ್ನು ನಾನೂ ಆಡಲಿಲ್ಲ, ಅವರೂ ಆಡಲಿಲ್ಲ. ಅವರು ಡಬ್ಬಿಯ ಮುಚ್ಚಳ ಹಾಕಿದರು.

ತಿದ್ದಲು ಮಾರನೆಯ ಸಂಜೆ ಐದರವರೆಗೆ ಅವಕಾಶವಿತ್ತು. ಪುಣ್ಯಕ್ಕೆ ಕಾರ್ಡುಗಳು ರಬ್ಬರ್ ಬ್ಯಾಂಡಿನಲ್ಲಿ ಹಾಗೇ ಇದ್ದವು. ಲ್ಯಾಬಿಗೆ ಹೋಗಿ ಮೇಜಿನ ಮೇಲೆ ಹರಡಿದೆ. ಹಳೆಯ ಕ್ರಮದಲ್ಲೇ ಜೋಡಿಸಲು ಹೊರಟು, ಗಾಜಿನ ಕಟ್ಟಡದ ಕಾರ್ಡು ಕೈಗೆ ಬಂದಾಗ ಹುಡುಗಿಯ ಕಡೆ ನೋಡಿದೆ.

"ಇದು ಸಿಕ್ತು ಅಂದಾಗ ಖುಷಿ ಆಯ್ತಾ ನಿನಗೆ?"

ಅವಳು ತಂದೆಯನ್ನು ನೋಡಿದಳು. ಆಮೇಲೆ ನನ್ನನ್ನಲ್ಲ, ಅವರನ್ನೇ ಕುರಿತು ಹೇಳಿದಳು. "ಅಪ್ಪ, ಅಲ್ಲಿ ಮಿಷನ್‌ಗೆ ಬರೀ ಪೇಂಟ್ ಹೊಡ್ದವ್ರೆ ಅಂತ ನೀನೇ ಅಂದೆ. ಕಂಪ್ಯೂಟರ್‌ಗೂ ಹಂಗೇ ಹೊಡ್ದಿರ್ತಾರೆ."

ಆಗ ನನಗೆ ನನ್ನ ಪಂಕ್ತಿ ಬಡಿಸುವಿಕೆಯ ಮೇಲೆ ಸಿಟ್ಟು ಬಂತು. ಆದ್ಯತೆಯ ಪಟ್ಟಿ ಎಂದರೆ ಒಬ್ಬರ ಮನಸ್ಸಿನ ಕ್ರಮ. ಇಬ್ಬರ ಮನಸ್ಸನ್ನು ಒಂದೊಂದು ತುತ್ತಿನಂತೆ ಬೆರೆಸಿದರೆ ಮೊದಲು ಕೈಗೆಟುಕಿದ್ದು ಯಾರದೋ ಅವರು ಗೆಲ್ಲುತ್ತಾರೆ, ಅಷ್ಟೆ. ಕಾಲೇಜಿಗೆ ಹೋಗುವವಳು ಅವಳು. ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಅವಳ ಮುಂದಿಟ್ಟೆ. "ಒಂದನ್ನೂ ಬಿಡೋ ಹಾಗಿಲ್ಲ. ಆದ್ರೆ ಕ್ರಮ ನಿಂದು. ಎರಡು ಕಾರ್ಡು ಕೈಯಲ್ಲಿ ಹಿಡ್ಕೋ, ಎರಡೂ ಸಿಕ್ಕಿದ್ರೆ ಯಾವುದಕ್ಕೆ ಹೋಗ್ತೀಯೋ ಅದು ಮೇಲೆ. ಅಷ್ಟೇ ನಿಯಮ" ಎಂದು ಹೇಳಿ, ಅವಳ ತಂದೆಯನ್ನು ಕಾಫಿಗೆ ಕರೆದುಕೊಂಡು ಹೊರಟೆ. ಅವರು ಎದ್ದು ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಬಂದರು.

ಕಾಲೇಜಿನ ಎದುರಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆವು.

"ನಿಂತಿದ್ದು ಸಾಕು ಅಂದ್ನಲ್ಲ ಮೇಡಂ, ಅದು ಮಂಡಿ ನೋವಿನ ಮಾತಲ್ಲ" ಎಂದರು. "ಶಾಪ್ ಫ್ಲೋರಲ್ಲಿ ಹೆಣ್ಮಕ್ಕಳು ಬಂದ್ರೆ ಹಿಂದಿಂದ ಏನೇನ್ ಮಾತಾಡ್ತಾರೆ ಅಂತ ನಂಗೊತ್ತು. ನಾನೂ ಆಡಿದೀನಿ."

ಈಗ ಹಾಗೇನಿಲ್ಲ, ಕಾಲ ಬದಲಾಗಿದೆ ಎಂದು ಸಮಾಧಾನ ಹೇಳಬಹುದಿತ್ತು. ಅವರಿಗಿಂತ ನನಗೆ ಹೆಚ್ಚು ಗೊತ್ತೇ? "ನಾನು ಎಂ.ಎಸ್ಸಿ. ಮಾಡುವಾಗ ಕ್ಲಾಸಲ್ಲಿ ಮೂರೇ ಜನ ಹುಡುಗೀರು" ಎಂದೆ. "ಕಷ್ಟ ಇರ್ಲಿಲ್ಲ ಅಂತ ಹೇಳಲ್ಲ. ಆದ್ರೆ ನಮ್ಮಪ್ಪ ಬೇರೆ ತಗೋ ಅಂದಿದ್ರೆ ಅದನ್ನ ಇವತ್ತಿಗೂ ಮರೀತಿರ್ಲಿಲ್ಲ." ಅವರು ಲೋಟ ಕೆಳಗಿಟ್ಟು, ದುಡ್ಡು ನಾನು ಕೊಡಲು ಬಿಡಲಿಲ್ಲ.

ವಾಪಸು ಬಂದಾಗ ಮೇಜಿನ ಮೇಲೆ ಒಂದು ಉದ್ದ ಸಾಲಿತ್ತು. ತಲೆಯಲ್ಲಿ ಆಸೆಯ ಕಾರ್ಡುಗಳು, ಎಲ್ಲವೂ ಮೆಕ್ಯಾನಿಕಲ್. ಅದರ ಕೆಳಗೆ ಮಾಗಡಿ ರಸ್ತೆಯದು. ಅದರ ಕೆಳಗೆ ಬೇರೆ ಕಾಲೇಜುಗಳ ಮೆಕ್ಯಾನಿಕಲ್, ಆಮೇಲೆ ಕಂಪ್ಯೂಟರ್ ಸೈನ್ಸಿನವು. ಒಂದನ್ನೂ ಬಿಟ್ಟಿರಲಿಲ್ಲ. ತಂದೆ ಮೇಲಿನಿಂದ ಕೆಳಗಿನವರೆಗೆ ಬಗ್ಗಿ ಓದುತ್ತ ನಡೆದರು. ಗಾಜಿನ ಕಟ್ಟಡದ ಕಾರ್ಡು ಬಹಳ ಕೆಳಗಿತ್ತು. ಅದನ್ನು ಎತ್ತಿಕೊಂಡರು. ಹುಡುಗಿಯ ಎರಡೂ ಕೈ ಮೇಜಿನ ಅಂಚನ್ನು ಹಿಡಿದಿದ್ದವು. ಅವರು ಕಾರ್ಡನ್ನು ತಿರುಗಿಸಿ ಹಿಂಬದಿಯಲ್ಲಿದ್ದ ಯಾರದೋ ಮದುವೆಯ ಅರ್ಧ ಹೆಸರು ನೋಡಿ, ಮತ್ತೆ ಅದೇ ಜಾಗದಲ್ಲಿಟ್ಟರು.

ತುಂಬಲು ಕೂತೆವು. ಕೊನೆಯ ದಿನಕ್ಕೆ ಮುಂಚಿನ ಮಧ್ಯಾಹ್ನ, ರಾಜ್ಯದ ಮಕ್ಕಳೆಲ್ಲ ಅಲ್ಲೇ ಇದ್ದರೋ ಏನೋ, ವೆಬ್‌ಸೈಟು ಮೂರು ಸಲ ಬಿದ್ದಿತು. ಹುಡುಗಿ ಕಾಲೇಜಿನ ಕೋಡು ಓದುವಳು, ನಾನು ಒತ್ತುವೆ, ಹತ್ತು ಆದ ಕೂಡಲೇ ಉಳಿಸುವೆ. ಎಲ್ಲ ಮುಗಿದಾಗ ಪರದೆಯ ಮೇಲೆ ಒಟಿಪಿ ಕೇಳಿತು. ನೋಂದಾಯಿಸಿದ್ದ ಮೊಬೈಲು ಅವಳ ತಂದೆಯದು. ಜೇಬಿನಲ್ಲಿ ಅದು ಸದ್ದು ಮಾಡಿತು. ಅವರು ತೆಗೆದು, ಕನ್ನಡಕ ಹುಡುಕಿ ಹಾಕಿಕೊಂಡು, ಪರದೆ ನೋಡುತ್ತ ನಿಂತರು. ಹತ್ತು ನಿಮಿಷದಲ್ಲಿ ಆ ಅಂಕಿ ಸತ್ತುಹೋಗುತ್ತದೆ. ಅವರು ಒಂದೊಂದೇ ಅಂಕಿಯನ್ನು, ಅಳತೆ ಹೇಳುವವರಂತೆ, ಬಿಡಿಬಿಡಿಯಾಗಿ ಓದಿ ಹೇಳಿದರು.

ನಿಜವಾದ ಹಂಚಿಕೆಯ ಫಲಿತಾಂಶ ಬರುವವರೆಗೆ ನನಗೆ ನೆಮ್ಮದಿ ಇರಲಿಲ್ಲ. ಲೆಕ್ಕ ಸರಿಯಿತ್ತು, ಮೂರು ಸಲ ನೋಡಿದ್ದೆ. ಆದರೆ ಇದೇ ಲೆಕ್ಕದಲ್ಲಿ ನಾನು ತಲೆಬರಹ ಓದದವಳು. ಆ ಮಧ್ಯಾಹ್ನ ದ್ವಿತೀಯ ಪಿಯು ತರಗತಿ ಮುಗಿಸಿ ಬರುವಾಗ ಫೋನ್ ಬಂತು.

"ಮಿಸ್, ಮಾಗಡಿ ರೋಡ್‌ದು. ಮೆಕ್ಯಾನಿಕಲ್" ಎಂದಳು. ಉಸಿರು ತೆಗೆದುಕೊಂಡು, "ಕೊನೆ ರ‍್ಯಾಂಕಿನ ಪಟ್ಟಿನೂ ನೋಡ್ದೆ. ಕೆಂಗೇರಿ ಕಂಪ್ಯೂಟರ್ ಸೈನ್ಸೂ ಬರ್ತಿತ್ತು ಮಿಸ್. ಅಪ್ಪ ಕೇಳಿದ್ರೆ ಬರ್ತಿರ್ಲಿಲ್ಲ ಅನ್ನಿ" ಎಂದಳು. ಮಾರನೆಯ ದಿನವೇ ಸೀಟು ಒಪ್ಪಿಕೊಂಡು ಸೇರುವುದು ಎಂದು ಅಪ್ಪ ಮಗಳು ಆಗಲೇ ಮಾತಾಡಿಕೊಂಡಿದ್ದರಂತೆ. ಸ್ಟಾಫ್ ರೂಮಿಗೆ ಬಂದು ಕುರ್ಚಿಯ ಮೇಲೆ ಕೂತೆ. ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ. ಬಹಳ ಸಂತೋಷವಾಗಿತ್ತು.

ಅವಳ ತಂದೆ ಫೋನ್ ಮಾಡಿದ್ದು ಒಂದು ಗಂಟೆಯ ಮೇಲೆ. ಹಿಂದೆ ಯಂತ್ರಗಳ ಸದ್ದಿತ್ತು, ಕೂಗಿ ಮಾತಾಡುತ್ತಿದ್ದರು. ಥ್ಯಾಂಕ್ಸ್ ಹೇಳಿದರು, ನಾಳೆ ರಜ ಹಾಕಿದ್ದೇನೆ ಎಂದರು. ಆಮೇಲೆ ಸದ್ದು ಕಡಿಮೆಯಾಯಿತು, ಹೊರಗೆ ಬಂದಿರಬೇಕು.

"ಒಂದ್ ವಿಷ್ಯ ಕೇಳ್ಬೇಕಿತ್ತು ಮೇಡಂ. ಆ ಕೆಂಗೇರಿ ಕಂಪ್ಯೂಟರ್ ಸೀಟು, ಮೇಲೇ ಇಟ್ಟಿದ್ರೆ ಬರ್ತಿತ್ತಾ?"

ಹುಡುಗಿ ಹೇಳಿಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ಹೊರಗೆ ಬರಲಿಲ್ಲ.

"ಬರ್ತಿತ್ತು" ಎಂದೆ.

ಲೈನ್ ಹೋಯಿತೇ ಎಂದು ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ಅಂದ್ರೆ ಸಿಗ್ಲಿಲ್ಲ ಅಂತ ಹೋಗ್ತಾ ಇರೋದಲ್ಲ. ಬೇಕು ಅಂತ್ಲೇ ಹೋಗ್ತಾವ್ಳೆ."

"ಹೌದು."

"ಆಯ್ತು ಮೇಡಂ" ಎಂದರು. ಇಡುವ ಮುಂಚೆ ಮತ್ತೆ ಕರೆದರು. "ನಾನು ಇದನ್ನ ಕೇಳ್ದೆ ಅಂತ ಅವ್ಳಿಗೆ ಹೇಳ್ಬೇಡಿ."